ಹುಳುಮನೆ ಬಾಗಿಲು ತೆರೆಸಿದ ಗಮ್ಮು

ಸಿಗರೇಟು ಸೇದುತ್ತಿದ್ದಷ್ಟು ವರ್ಷ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಬಿಡುತ್ತೇನೆ ಅಂತ ಬಾಯಿಗೆ ಅಗಿಯುವ ಗಮ್ಮು ಹಾಕಿಕೊಂಡದ್ದೇ ತಡ, ಹೋದಲ್ಲೆಲ್ಲ ಏನಾದರೊಂದು ನಡೆಯತೊಡಗಿತು.

ಬಾಗಿಲ ಹೊರಗೆ

ಸುಗಟೂರಿನ ನಮ್ಮ ಮನೆ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆ ಇದೆ. ಅಲ್ಲಿ ನಡೆಯುವುದು ನನ್ನ ಹೆಂಡತಿಯ ಮಾತು. ಹೊಗೆಸೊಪ್ಪಿನ ಘಾಟು ಹುಳುವಿಗೆ ಆಗುವುದಿಲ್ಲ, ಹಾಗಾಗಿ ನನಗೆ ಒಳಗೆ ಪ್ರವೇಶವಿಲ್ಲ. ಬೀಗರು ಬಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹುಳು ನೋಡಿ ಬರುತ್ತಾರೆ. ಯಜಮಾನ ಅನ್ನಿಸಿಕೊಂಡ ನಾನು ಹೊರಗೆ ನಿಂತು ಅವರ ಚಪ್ಪಲಿ ಕಾಯುತ್ತೇನೆ. ಅವಮಾನ ತಡೆಯಲಾರದೆ ಒಂದು ದಿನ ಅವರೆದುರೇ ಹೇಳಿಬಿಟ್ಟೆ, "ಮುಂದಿನ ಬೆಳೆಗೆ ನಾನೂ ಒಳಗೆ ಬರ್ತೀನಿ."

"ಮೊದಲು ಆ ವಾಸನೆ ಹೊರಗೆ ಹೋಗ್ಲಿ. ಆಮೇಲೆ ನೀವು ಒಳಗೆ ಬರೋರಂತೆ," ಅಂದಳು ಹೆಂಡತಿ.

ಕೋಲಾರದ ಡಾಕ್ಟರು ನಿಕೋಟಿನ್ ಗಮ್ಮು ಬರೆದುಕೊಟ್ಟರು. "ಇದು ಮಕ್ಕಳ ಬಬಲ್‌ಗಮ್ ಅಲ್ಲ. ನಿಧಾನವಾಗಿ ಅಗೀರಿ. ಖಾರ ಅನ್ನಿಸಿದ ಕೂಡ್ಲೇ ಕೆನ್ನೆಯೊಳಗೆ ಇಟ್ಟು ಸುಮ್ಮನಿರಿ. ಖಾರ ಇಳಿದ ಮೇಲೆ ಮತ್ತೆ ಅಗೀರಿ."

"ಸುಮ್ಮನಿರೋದು ಹೇಗೆ ಸಾರ್? ನಾನು ಟೊಮೆಟೊ ಮಂಡೀಲಿ ಹರಾಜು ಕೂಗೋನು."

"ಮಂಡಿಗೂ ಸ್ವಲ್ಪ ರೆಸ್ಟ್ ಸಿಗ್ಲಿ ಬಿಡಿ," ಅಂದರು.

ಹರಾಜಿನಲ್ಲಿ

ಹರಾಜು ಕೂಗುವವನ ಬಾಯಿ ನಿಲ್ಲಬಾರದು. ಗೌನಿಪಲ್ಲಿ ಕಡೆಯ ರೈತರೊಬ್ಬರ ಲಾಟು ಕೂಗುತ್ತಿದ್ದೆ. ಇನ್ನೇನು ಮೂರನೇ ಸಲ ಅನ್ನಬೇಕು, ನಾಲಿಗೆಗೆ ಖಾರ ಹತ್ತಿತು. ಡಾಕ್ಟರ ಮಾತು ನೆನಪಾಗಿ ಗಮ್ಮನ್ನು ಕೆನ್ನೆಗೆ ತಳ್ಳಿ, ಕಣ್ಣು ಮುಚ್ಚಿ ನಿಂತುಬಿಟ್ಟೆ.

ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಯಾರೋ ಕೈ ಎತ್ತಿರಬೇಕು ಅಂದುಕೊಂಡು ಒಬ್ಬ ರೇಟು ಏರಿಸಿದ. ಅವನಿಗೇನೋ ಗುಟ್ಟು ಗೊತ್ತಿರಬೇಕು ಅಂದುಕೊಂಡು ಇನ್ನೊಬ್ಬ ಏರಿಸಿದ. ನಾನು ಕಣ್ಣು ಬಿಡುವಷ್ಟರಲ್ಲಿ ಅವತ್ತಿನ ಮಂಡಿಯ ಅತಿ ಹೆಚ್ಚಿನ ರೇಟು ಆ ಲಾಟಿಗೇ ಬಿದ್ದಿತ್ತು.

ರೈತರು ಓಡಿ ಬಂದು ನನ್ನ ಕೈ ಹಿಡಿದರು. "ಅಣ್ಣಾ, ನಾಳೆನೂ ಮಾಲು ತರ್ತೀನಿ. ನನ್ನ ಲಾಟು ಬಂದಾಗ ಅದನ್ನ ಬಾಯಿಗೆ ಹಾಕ್ಕೊಳ್ಳೋದು ಮರೀಬೇಡ."

ಬಿಕ್ಕಳಿಕೆ

ತಾಯಲೂರಿನ ಬೀಗರ ಮನೆಯಲ್ಲಿ ಊಟವಾಯಿತು. ಊಟದ ಮೇಲೊಂದು ಸಿಗರೇಟು ಸೇದುವುದು ಹಳೇ ಚಾಳಿ. ಆಸೆ ಎಷ್ಟು ಜೋರಾಗಿತ್ತೆಂದರೆ ಗಮ್ಮನ್ನು ಹುರಿಗಡಲೆ ಹಾಗೆ ಅಗಿದುಬಿಟ್ಟೆ. ಅವಸರಕ್ಕೆ ಬಿಕ್ಕಳಿಕೆ ಹಿಡಿಯಿತು.

"ಯಾರೋ ನೆನೆಸ್ಕೊಳ್ತಿದಾರೆ. ಸರಿಯಾದ ಹೆಸರು ಹೇಳಿದ್ರೆ ನಿಲ್ಲುತ್ತೆ," ಅಂದರು ಬೀಗಿತ್ತಿ. ಹೆಂಡತಿ ಹೆಸರು ಹೇಳಿದರು, ಮುಳಬಾಗಿಲಿನ ಅಕ್ಕನದು ಹೇಳಿದರು, ಮಾಲೂರಿನ ಷಡ್ಡಕನದು ಹೇಳಿದರು. ನಿಲ್ಲಲಿಲ್ಲ. ತೀರಿಕೊಂಡ ನನ್ನ ಮಾವನವರನ್ನೂ ಕರೆದು ನೋಡಿದರು. ಅವರಿಗೆ ನನ್ನ ಮೇಲೆ ಅಷ್ಟು ಪ್ರೀತಿ ಯಾವತ್ತೂ ಇರಲಿಲ್ಲ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ, "ಸಿಗರೇಟು ಕೊಡ್ತಿದ್ದ ಅಂಗಡಿಯವನ ಹೆಸರು ಹೇಳ್ಕೊಳಪ್ಪ," ಅಂದರು. ಹೇಳಿಕೊಂಡೆ. ಬಿಕ್ಕಳಿಕೆ ನಿಂತೇಹೋಯಿತು.

"ಪಾಪ," ಅಂದರು ಅಜ್ಜಿ, "ಅವನಿಗೆ ವ್ಯಾಪಾರ ಬಿದ್ದೋಗಿರ್ಬೇಕು."

ಬಾಗಿಲ ಒಳಗೆ

ಅಂತೂ ಹುಳು ಹಣ್ಣಾದ ದಿನ ಬಂತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಅವತ್ತೇ ಒಂದೊಂದನ್ನೂ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅದರ ಮೇಲೆಯೇ ಅವು ಗೂಡು ಕಟ್ಟುವುದು. ಹೆಂಡತಿ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಬಾಯಿ ಮೂಸಿದಳು, ಬೆರಳು ಮೂಸಿದಳು, ಅಂಗಿ ಮೂಸಿದಳು.

"ಗಮ್ಮು ಉಗಿದು, ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ."

ಒಳಗೆ ಕಾಲಿಟ್ಟೆ. ಹಣ್ಣಾದ ಹುಳುಗಳು ತಲೆ ಎತ್ತಿಕೊಂಡಿರುತ್ತವೆ. ನನಗೆ ಸ್ವಾಗತ ಕೋರುತ್ತಿವೆ ಅಂತಲೇ ಅನಿಸಿ ಕಣ್ಣು ತುಂಬಿ ಬಂತು. ಮಂಡಿಯಲ್ಲಿ ಎಷ್ಟು ವರ್ಷ ಕೂಗಿದರೂ ಸಿಗದ ಸಂತೋಷ ಅದು.

ಆರಿಸಿದ ಹುಳು ಹಾಕಲು ಹೆಂಡತಿ ನನಗೆ ತಟ್ಟೆ ಕೊಟ್ಟಳು. ಬೆಳಿಗ್ಗೆ ಬಗ್ಗಿದವನು ಹೊತ್ತು ಮುಳುಗುವಾಗ ಎದ್ದೆ. ಸೊಂಟ ಹಿಡಿದುಕೊಂಡು ಹೊರಗೆ ಬಂದರೆ, ಪಕ್ಕದ ಮನೆಯವನು ಜಗಲಿ ಮೇಲೆ ಕಾಲು ಚಾಚಿ ಬೀಡಿ ಸೇದುತ್ತಿದ್ದ. ಅವರೂ ಹುಳು ಸಾಕುತ್ತಾರೆ.

"ಲೇ, ಗೆದ್ದೆ ಕಣೋ," ಅಂದೆ. "ನನ್ನ ಒಳಗೆ ಬಿಟ್ಲು."

"ಗೆದ್ದೋನು ಸೊಂಟ ಯಾಕ್ಲಾ ಹಿಡ್ಕೊಂಡಿದೀಯ?"

"ದಿನವೆಲ್ಲಾ ಬಗ್ಗಿ ಹುಳು ಆರಿಸಿದೆ."

ಅವನು ನಿಧಾನವಾಗಿ ಹೊಗೆ ಬಿಟ್ಟ. "ನಮ್ಮನೇಲೂ ಇವತ್ತೇ ಹಣ್ಣಾಗಿರೋದು. ನಾನ್ಯಾಕೆ ಬೀಡಿ ಬಿಟ್ಟಿಲ್ಲ ಅಂದ್ಕೊಂಡಿದೀಯ?"

ಅವನ ಬೆನ್ನ ಹಿಂದೆ, ಅವರ ಹುಳುಮನೆ ಬಾಗಿಲಲ್ಲಿ, ಅವನ ಹೆಂಡತಿ ತಟ್ಟೆ ಹಿಡಿದು ನಿಂತಿದ್ದರು. ಎಲ್ಲಾ ಕೇಳಿಸಿಕೊಂಡಿದ್ದರು.

"ಅಣ್ಣಾ," ಅಂದರು, "ಆ ಗಮ್ಮು ಕೋಲಾರದಲ್ಲಿ ಯಾವ ಅಂಗಡೀಲಿ ಸಿಗುತ್ತೆ?"