ಹೊಳೆಗೆಂದು ಹೊರಟವರ ಊಟ

ಪ್ರವಾಸಕ್ಕೆ ಹೊರಡುವವರಲ್ಲಿ ಎರಡು ಜಾತಿ. ಕಾಲಿನ ಮಾತು ಕೇಳಿ ಊರು ಆರಿಸುವವರು ಒಂದು, ಹೊಟ್ಟೆಯ ಮಾತು ಕೇಳಿ ಆರಿಸುವವರು ಇನ್ನೊಂದು. ಮೊದಲನೆಯವರಿಗೆ ಹತ್ತಲಿಕ್ಕೆ ಗುಡ್ಡ ಬೇಕು, ಸುತ್ತಲಿಕ್ಕೆ ಕೆರೆ ಬೇಕು, ಈಜಲಿಕ್ಕೆ ಹೊಳೆ ಬೇಕು. ಎರಡನೆಯವರಿಗೆ ಆ ಗುಡ್ಡದ ಬುಡದಲ್ಲಿ ಯಾರ ಮನೆ ಇದೆ, ಆ ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ ಎಂಬುದು ಗೊತ್ತಾದರೆ ಸಾಕು. ನಾನು ಎರಡನೆಯ ಜಾತಿಯವನು. ಇದನ್ನು ಮೊದಲೆಲ್ಲ ನಾಲ್ಕು ಮಂದಿಯ ಮುಂದೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಲಕ್ಷ್ಮೇಶ್ವರ ಅಂದರೆ ನನ್ನ ಪಾಲಿಗೆ ದೊಡ್ಡಪ್ಪನ ಮನೆಯ ಶೇಂಗಾ ಹೋಳಿಗೆ. ಶಿರಹಟ್ಟಿ ಅಂದರೆ ನನ್ನ ಹೆಂಡತಿಯ ಅಕ್ಕ ಮಾಡುವ ಬದನೆಯ ಎಣ್ಣೆಗಾಯಿ. ಮುಂಡರಗಿ ಅಂದರೆ ಸೋದರತ್ತೆ, ಆಕೆ ಬಡಿಯುವ ಸಜ್ಜೆ ರೊಟ್ಟಿ, ಅದರ ಮೇಲೆ ಕೈ ತಡೆಯದೆ ಹಾಕುವ ಬೆಣ್ಣೆ. ಶಾಲೆಯಲ್ಲಿ ಭೂಗೋಳವನ್ನು ಹೀಗೆ ಕಲಿಸಿದ್ದರೆ ನಾನು ಎರಡು ಸಲ ನಪಾಸಾಗುತ್ತಿರಲಿಲ್ಲ.

ನನ್ನ ಗೆಳೆಯ ಮಾಬೂಸಾಬ ಮೊದಲನೆಯ ಜಾತಿಯವನು. ಬೆಟಗೇರಿಯಲ್ಲಿ ಅವನದು ಗಾದಿ ತುಂಬುವ ಅಂಗಡಿ. ನಾನು ಗದಗಿನ ಅರಳೆ ಪೇಟೆಯ ಒಂದು ಅಂಗಡಿಯಲ್ಲಿ ಗುಮಾಸ್ತ. ನಾನು ಹತ್ತಿಯನ್ನು ಕಾಗದದ ಮೇಲೆ ನೋಡುತ್ತಿದ್ದೆ, ಅವನು ಅದನ್ನು ದಿನವಿಡೀ ಹಿಂಜುತ್ತಿದ್ದ. ಸಂಜೆ ಅಂಗಡಿಗೆ ಹೋದರೆ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿ, ಮೂವತ್ತೆಂಟರ ಮನುಷ್ಯ ತನ್ನ ಅಜ್ಜನ ಹಾಗೆ ಕಾಣುತ್ತಿದ್ದ. ಒಂದು ಸಲ ಕೆಮ್ಮಿ, ಒಂದು ಸಲ ಉಗುಳಿ, ಆಮೇಲೆ "ಬಾ ಲೇ, ಕುಂಡ್ರು" ಅನ್ನುವುದು ಅವನ ಸ್ವಾಗತದ ಕ್ರಮ. ನಾವಿಬ್ಬರೂ ಪ್ರಾಥಮಿಕ ಶಾಲೆಯಲ್ಲಿ ಒಂದೇ ಬೆಂಚಿನವರು. ನನ್ನ ನಪಾಸು ಎರಡರಲ್ಲಿ ಒಂದಕ್ಕೆ ಅವನೂ ಜೊತೆಗಿದ್ದ.

ಅವನ ತಾಯಿಯ ತವರು ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯ ಮೇಲಿನ ಒಂದು ಹಳ್ಳಿ. ಹುಡುಗನಾಗಿದ್ದಾಗ ರಜೆಗೆ ಹೋದವನು ಒಂದು ದಿನ ಹೊಳೆ ದಾಟುತ್ತೇನೆಂದು ನೀರಿಗೆ ಹಾರಿದ್ದನಂತೆ. ನಟ್ಟನಡುವೆ ಹೋದಾಗ ಅಂಬಿಗರು ಕಂಡು, ಕೂದಲು ಹಿಡಿದೆತ್ತಿ ಹರಿಗೋಲಿಗೆ ಹಾಕಿಕೊಂಡು ತಿರುಗಿ ಈ ದಂಡೆಗೇ ತಂದು ಬಿಟ್ಟರಂತೆ. ಮಾವನ ಕೈಯಿಂದ ತಿಂದ ಏಟು ಅವನಿಗೆ ನೆನಪಿರಲಿಲ್ಲ. ಅರ್ಧಕ್ಕೆ ಬಿಟ್ಟ ಹೊಳೆ ಮಾತ್ರ ನೆನಪಿತ್ತು. "ನೀರಾಗ ಬಿದ್ರ ನನ್ನ ಎದಿ ತೆರಿತೈತಿ ಲೇ ಗುರಪ್ಪ" ಅನ್ನುತ್ತಿದ್ದ. "ಇಲ್ಲೆ ನೋಡು, ಉಸುರು ಅನ್ನೋದು ಗಾದಿಯೊಳಗಿಂದ ತಗೊಂಡಂಗ ಆಗೈತಿ. ಒಮ್ಮೆ ಹೋಗಿ ಆ ದಂಡಿ ಮುಟ್ಟಿ ಬರೂನು. ನಿನಗೂ ಈಜ ಕಲಸ್ತೀನಿ." ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಜೆಗಷ್ಟೇ ಇದ್ದ ಅವನ ಕೆಮ್ಮೂ ಅದೇ ಹೊತ್ತಿಗೆ ಬೆಳಗಿಗೂ ಬಂದಿತ್ತು.

ನನಗೆ ನೀರೆಂದರೆ ಹೆದರಿಕೆ. ಹೆದರಿಕೆ ಅಂದರೆ ಸುಮ್ಮನೆ ಅಲ್ಲ, ಬಚ್ಚಲಲ್ಲಿ ತಲೆಯ ಮೇಲೆ ಜೋರಾಗಿ ಸುರಿದುಕೊಂಡರೆ ಉಸಿರು ಕಟ್ಟಿ ಹೆಂಡತಿಯನ್ನು ಕೂಗುವವನು ನಾನು. ಆದರೆ ಗೆಳೆಯನ ಮುಂದೆ ಹೀಗೆಂದು ಹೇಳಲು ಗಂಡಸುತನ ಅಡ್ಡ ಬಂತು. "ಹೂಂ, ಹೋಗೂನು" ಅಂದೆ. ಅಂದವನು ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡು ಮುಂಡರಗಿಯ ಅತ್ತೆಗೆ ಬರೆದೆ: "ಎಲ್ಲರೂ ಕ್ಷೇಮ. ಬರುವ ರವಿವಾರ ಗೆಳೆಯನ ಜೊತೆ ನಿಮ್ಮ ಊರಿನ ಮೇಲೆ ಹಾದು ಹೋಗುವವನಿದ್ದೇನೆ. ಏನೂ ವಿಶೇಷ ಮಾಡಬೇಡಿರಿ."

ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏನೂ ಮಾಡಬೇಡಿರಿ ಎಂದು ಬರೆದ ಕಾರ್ಡು ಮುಟ್ಟಿದ ಮನೆಯಲ್ಲಿ ಅಂದೇ ಕಡಲೆ ನೆನೆಯುತ್ತದೆ, ಬೆಲ್ಲ ಕುಟ್ಟುವ ಸಪ್ಪಳ ಶುರುವಾಗುತ್ತದೆ. ಆ ರವಿವಾರ ಬಸ್ಸು ಮುಂಡರಗಿಗೆ ಬಂದು ನಿಲ್ಲುವ ಹೊತ್ತಿಗೆ ನನ್ನ ಮಾವ ರುಮಾಲು ಸುತ್ತಿಕೊಂಡು ನಿಲ್ದಾಣದಲ್ಲಿ ನಿಂತಿದ್ದರು. ಮಾಬೂಸಾಬ ಆಶ್ಚರ್ಯದಿಂದ ನನ್ನ ಮುಖ ನೋಡಿದ. ನಾನು ಅವನಿಗಿಂತ ಹೆಚ್ಚು ಆಶ್ಚರ್ಯಪಟ್ಟೆ. "ಊರಿಗೆ ಬಂದು ಉಣ್ಣದ ಹೋಗ್ತೀರೇನು? ನಾವೇನು ಸತ್ತೇವೇನು?" ಎಂದು ಮಾವ ಅವನ ಕೈಯಲ್ಲಿದ್ದ ಟವೆಲ್ಲಿನ ಗಂಟನ್ನು ಕಸಿದುಕೊಂಡೇ ನಡೆದರು. ಅತ್ತೆ ಬಡಿಸಿದಳು. ಬೇಡ ಅಂದಷ್ಟೂ ಬಡಿಸಿದಳು. ಮಾಬೂಸಾಬನಿಗೆ ಈಜು ಕಲಿಸಿದ ಉಸ್ತಾದರು ಹೇಳಿಕೊಟ್ಟ ಒಂದು ನೇಮವಿತ್ತು: ಹೊಟ್ಟೆ ತುಂಬಿದ ಮೇಲೆ ಹೊಳೆಗೆ ಇಳಿಯಬಾರದು. ಅದು ನನಗೆ ಮೊದಲೇ ಗೊತ್ತಿತ್ತು. ಉಂಡೆದ್ದು ಪಡಸಾಲೆಯಲ್ಲಿ ಒರಗಿದೆವು. ಎದ್ದಾಗ ಕೊನೆಯ ಬಸ್ಸಿನ ಹೊತ್ತಾಗಿತ್ತು. "ಇರಲಿ ಬಿಡು, ನಸೀಬದಾಗ ಇರಲಿಲ್ಲ" ಅಂದ ಮಾಬೂಸಾಬ. ನಾನೂ ಇರಲಿಲ್ಲವೆಂದೇ ಅಂದೆ.

ಇದು ಒಂದು ಸಲದ ಕಥೆಯಾಗಿದ್ದರೆ ನಗಬಹುದಿತ್ತು. ಆರೇಳು ವರ್ಷ ಹೀಗೇ ನಡೆಯಿತು. ಹೊಳೆಗೆ ಹೊರಟರೆ ಮುಂಡರಗಿಗೆ ಕಾರ್ಡು. ಮಾಗಡಿಯ ಕೆರೆಗೆ ಪರದೇಶದ ಹಕ್ಕಿ ಬಂದಿವೆ, ಏರಿಯ ಮೇಲೆ ಒಂದು ಸುತ್ತು ಹಾಕೋಣ ಅಂದರೆ ಶಿರಹಟ್ಟಿಗೆ ಕಾರ್ಡು. ಲಕ್ಷ್ಮೇಶ್ವರದ ಕಡೆ ಒಂದು ತೋಟದ ಬಾವಿಗೆ ಹಾರೋಣ ಅಂದರೆ ದೊಡ್ಡಪ್ಪನಿಗೆ ಕಾರ್ಡು. ಆ ಹಕ್ಕಿಗಳು ಸಾವಿರಾರು ಮೈಲು ಹಾರಿ ಬಂದು ಕೆರೆ ಮುಟ್ಟುತ್ತಿದ್ದವು, ಗದಗಿನಿಂದ ಹೊರಟ ನಾವು ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಅವಕ್ಕೆ ಬೀಗರು ಇರಲಿಲ್ಲವೆಂದು ಕಾಣುತ್ತದೆ.

ಒಂದು ಮಾತು ಮಾತ್ರ ನನ್ನ ಪರವಾಗಿ ಹೇಳಬೇಕು. ಮೊದಲ ಸಲ ಹೋದಾಗ ಅತ್ತೆ ಅವನಿಗೆ ಪಡಸಾಲೆಯ ತುದಿಯಲ್ಲಿ ಬೇರೆ ಚಾಪೆ ಹಾಸಿದ್ದಳು. ಎರಡನೆಯ ಸಲ ಇಬ್ಬರಿಗೂ ಒಂದೇ ಚಾಪೆ. ಮೂರನೆಯ ಸಲಕ್ಕೆ ಮೊದಲ ರೊಟ್ಟಿ ಅವನ ತಟ್ಟೆಗೆ ಬಿತ್ತು, ನಾನು ಕೈ ಒಡ್ಡಿಕೊಂಡು ಕುಳಿತಿದ್ದೆ. ಅವನು ಅವಳ ಸೊಂಟ ನೋವಿಗೆಂದು ಹೊಸ ಹತ್ತಿಯ ಗಾದಿಯೊಂದನ್ನು ತುಂಬಿ ಬಸ್ಸಿನ ಮೇಲೆ ಹೇರಿಕೊಂಡು ಹೋಗಿ ಕೊಟ್ಟಿದ್ದ. ಅತ್ತೆ ಅವನನ್ನು "ನಮ್ಮ ಮಾಬೂ" ಅನ್ನತೊಡಗಿದ್ದಳು. ಇದೆಲ್ಲ ನನ್ನ ಕಾರ್ಡಿನಿಂದಲೇ ಆಯಿತಲ್ಲ ಎಂದು ನಾನು ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಕಳ್ಳನಿಗೂ ತನ್ನ ಕೆಲಸದಲ್ಲಿ ಒಂದೆರಡು ಪುಣ್ಯ ಕಾಣುತ್ತವೆ.

ಎಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ ಅವನು ಅಂಗಡಿಗೆ ಬರುವುದು ನಿಂತಿತು. ಮನೆಗೆ ಹೋದೆ. ಗೋಡೆಗೆ ಎರಡು ದಿಂಬು ಒಟ್ಟಿ, ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಜೀವನವಿಡೀ ಮಂದಿ ಮಲಗಲೆಂದು ಗಾದಿ ತುಂಬಿದವನಿಗೆ ಮಲಗುವುದೇ ಆಗದು. ಹುಬ್ಬಳ್ಳಿಯ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ, ಹತ್ತಿಯ ಕೆಲಸ ಬಿಡಬೇಕು ಅಂದಿದ್ದರಂತೆ. "ಈಗ ಬಿಡು ಅಂತಾರ" ಎಂದು ಅವನ ಹೆಂಡತಿ ಬೀಬಿಜಾನ ವೈನಿ ಬಾಗಿಲ ಸಂದಿಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾಬೂಸಾಬ ಮಾತ್ರ ನನ್ನನ್ನು ಕಂಡು ನಕ್ಕ. "ಹೊಳಿ ನನ್ನ ನಸೀಬದಾಗ ಇರಲಿಲ್ಲ ನೋಡು ಗುರಪ್ಪ. ಎಷ್ಟು ಸಲ ಹೊಂಟ್ವಿ! ಅಲ್ಲಾನ ಮನಸಿನಾಗ ಇದ್ದಿದ್ದಿಲ್ಲ. ಪ್ರತಿ ಸಲ ಯಾರರೆ ಬಂದು ನಿಂದರತಿದ್ರು."

ಆ ಮಾತು ಕೇಳಿ ನನಗೆ ಕೂರಲಾಗಲಿಲ್ಲ. ನನ್ನ ಪುಕ್ಕಲುತನವನ್ನು ಅವನು ಇಷ್ಟು ವರ್ಷ ದೇವರ ಲೆಕ್ಕಕ್ಕೆ ಹಾಕಿ ಕುಳಿತಿದ್ದ. ದೇವರಾದರೂ ಎಷ್ಟು ಹೊರಬೇಕು? ನಾನು ಎಲ್ಲ ಹೇಳಿಬಿಟ್ಟೆ. ಕಾರ್ಡಿನ ಮಾತು, ನೀರಿನ ಹೆದರಿಕೆ, ಬಸ್ ನಿಲ್ದಾಣದಲ್ಲಿ ನಾನು ಪಟ್ಟ ಆಶ್ಚರ್ಯ, ಎಲ್ಲ. ಅವನು ಮೊದಲು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ದಿಂಬು ಸರಿಪಡಿಸಿಕೊಂಡು ಒರಗಿದ. ಆಮೇಲೆ, "ಹೇಳಿದ್ರ ನಾ ಒಬ್ಬವನ ಹೋಗತಿದ್ದೆ ಲೇ" ಅಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನೇ, "ಆತು. ಈಗ ನೀ ಹೋಗು. ನನ್ನ ಬದಲಿ ದಾಟಿ ಬಾ. ಹ್ಯಾಂಗಿತ್ತು ಅಂತ ಬಂದು ಹೇಳು. ಕಾರ್ಡು ಗೀರ್ಡು ಬರಿಬ್ಯಾಡ ಮತ್ತ" ಅಂದ. ಉಸಿರಿಗಾಗಿ ಒದ್ದಾಡುವವನು ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಈಜು ಬಾರದೆಂದು ನೆನಪು ಮಾಡಿಕೊಡಲೂ ಬಾಯಿ ಬರಲಿಲ್ಲ. ಹೂಂ ಅಂದೆ.

ಹೋದೆ. ಈ ಸಲ ನಿಜವಾಗಿಯೂ ಕಾರ್ಡು ಬರೆಯಲಿಲ್ಲ. ಮುಂಡರಗಿಯಲ್ಲಿ ಇಳಿದು, ಪರಿಚಯದವರು ಕಂಡಾರೆಂದು ಮುಖ ತಿರುಗಿಸಿಕೊಂಡು ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಒಂದಷ್ಟು ದೂರ ಜೋಳದ ಹೊಲಗಳ ನಡುವೆ ನಡೆದು ದಂಡೆಗೆ ಬಂದೆ. ಹೊಳೆ ಕಂಡಿತು. ಅಂಗಿ ಬಿಚ್ಚಿ ಒಂದು ಕಲ್ಲಿನ ಮೇಲೆ ಇಟ್ಟೆ. ಯಾವನೋ ಅಂಬಿಗ ದೂರದಲ್ಲಿ ಬಲೆ ಜಾಡಿಸುತ್ತಿದ್ದ. ಪಾದ ನೆನೆಯಿತು, ಮೀನಖಂಡ ನೆನೆಯಿತು, ಮೊಣಕಾಲು ನೆನೆಯಿತು. ಅಲ್ಲಿಗೆ ನಿಂತೆ. ಕೆಳಗಿನ ಮಳಲು ಕಾಲಡಿಯಿಂದ ಸರಿಯುತ್ತಿತ್ತು. ಆ ದಂಡೆಯ ಮೇಲೆ ಒಂದು ಎಮ್ಮೆ ನಿಂತು ನನ್ನನ್ನೇ ನೋಡುತ್ತಿತ್ತು. ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಕಾಲು ಕೇಳಲಿಲ್ಲ. ಹರಿಗೋಲಿನಲ್ಲಾದರೂ ಆಚೆ ಹೋಗಿ ಬರಬಹುದಿತ್ತು ಎಂಬುದು ಈಗ ಹೊಳೆಯುತ್ತದೆ, ಆಗ ಹೊಳೆಯಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ತಲೆಯ ಮೇಲೆ ಹಾಕಿಕೊಂಡೆ, ಉಸಿರು ಕಟ್ಟಿತು, ದಂಡೆಗೆ ಓಡಿದೆ. ಅಲ್ಲಿ ಕುಳಿತು ಅತ್ತುಬಿಟ್ಟೆ. ಅಳುವುದಕ್ಕೆ ಒಳ್ಳೆಯ ಜಾಗ ಅದು, ಹತ್ತಿರದಲ್ಲಿ ಯಾರೂ ಇರಲಿಲ್ಲ. ಆಮೇಲೆ ಹಸಿವಾಯಿತು. ಮುಂಡರಗಿಗೆ ಬಂದು, ಯಾರೂ ಕರೆಯದೆ, ಯಾರೂ ಕೈ ಹಿಡಿದು ಎಳೆಯದೆ, ನಾನಾಗಿಯೇ ಸೋದರತ್ತೆಯ ಮನೆಗೆ ಹೋಗಿ ಉಂಡೆ. "ಮಾಬೂ ಯಾಕ ಬರಲಿಲ್ಲೋ ತಮ್ಮಾ?" ಎಂದು ಆಕೆ ಕೇಳಿದಳು. "ಮೈಯಾಗ ಆರಾಮ ಇಲ್ಲ" ಅಂದೆ. ಅವನಿಗೆಂದು ನಾಲ್ಕು ರೊಟ್ಟಿ ಕಟ್ಟಿ ಕೊಟ್ಟಳು.

ಮರುದಿನ ಮಾಬೂಸಾಬ ಬಾಗಿಲಿನತ್ತಲೇ ನೋಡುತ್ತ ಕುಳಿತಿದ್ದ. "ಆ ದಂಡಿ ಮುಟ್ಟಿದಿ?" ಅಂದ. ಆ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ.

"ಮುಟ್ಟಿದೆ."

"ಖರೇನ? ಈಜ ಬರದಾಂವ ಹ್ಯಾಂಗ ದಾಟಿದ್ಯೋ?"

"ಅಂಬಿಗನೊಬ್ಬ ಮುಳಗಬಾರದಂತ ಸೊಂಟಕ್ಕ ಒಣಾ ಕುಂಬಳಬುರುಡಿ ಕಟ್ಟಿದ. ಕೈಕಾಲು ಬಡಕೋತ ಹೋದೆ."

"ನಡುವ ನೀರು ಹ್ಯಾಂಗಿತ್ತು?"

"ತಣ್ಣಗಿತ್ತು. ಆ ದಂಡಿ ಮಳಲು ಬೆಚ್ಚಗಿತ್ತು" ಅಂದೆ. ಅವನು ಕಣ್ಣು ಮುಚ್ಚಿ, "ಬೆಚ್ಚಗ ಇತ್ತಾ" ಎಂದು ನನ್ನ ಕೈ ಹಿಡಿದುಕೊಂಡ. ಬೆರಳಲ್ಲಿ ಬಲವಿರಲಿಲ್ಲ. ಅತ್ತೆಯ ರೊಟ್ಟಿಯಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅವಳ ಮನೆಗೆ ಹೋಗಿದ್ದೆಯಾ ಎಂದು ಕೇಳಲಿಲ್ಲ.

ನಾಲ್ಕು ದಿನ ಬಿಟ್ಟು ಹೋದಾಗ ಅದನ್ನೇ ಮತ್ತೆ ಹೇಳಿಸಿದ. ಎರಡನೆಯ ಸಲ ನಾನು ಮೊದಲಿಗಿಂತ ಚೆನ್ನಾಗಿ ಈಜಿದೆ. ಮೂರನೆಯ ಸಲ ನಡುಹೊಳೆಯಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತ ದಣಿವಾರಿಸಿಕೊಂಡೆ, ಕುಂಬಳಬುರುಡೆಯನ್ನೂ ಎಲ್ಲೋ ಬಿಟ್ಟುಬಿಟ್ಟಿದ್ದೆ. ಅವನು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ, ಕೇಳುವಷ್ಟು ಹೊತ್ತು ಕೆಮ್ಮುತ್ತಿರಲಿಲ್ಲ. ನಾಲ್ಕನೆಯ ಸಲ ಹೇಳುವ ಪ್ರಸಂಗ ಬರಲಿಲ್ಲ. ಅಷ್ಟರಲ್ಲಿ ಒಂದು ಮುಂಜಾನೆ ಬೆಟಗೇರಿಯಿಂದ ಖಬರು ಬಂತು.

ಅವನು ಹೋದ ನಲವತ್ತನೆಯ ದಿನದ ಊಟಕ್ಕೆ ವೈನಿ ನನ್ನನ್ನು ಕರೆದಿದ್ದರು. "ನಿಮಗಂತ ಬ್ಯಾರೆ ಮಾಡೀನ್ರಿ" ಎಂದು ಗೋಧಿ, ಬೆಲ್ಲ, ತುಪ್ಪದ ಮಾದಲಿ ಬಡಿಸಿದರು. ಹೊಳೆದಂಡೆಯ ಆ ಹಳ್ಳಿಯಿಂದ ಮಾಬೂಸಾಬನ ಮಾವ ಬಂದಿದ್ದರು. ಅವನನ್ನು ಹುಡುಗನಾಗಿದ್ದಾಗ ಹೊಡೆದವರು. ಈಗ ಹಣ್ಣಾಗಿ ಬಾಗಿಹೋಗಿದ್ದರು. "ಇವರ ನೋಡ್ರಿ ಮಾವಾ, ಅವರ ಬದಲಿ ಹೊಳಿ ದಾಟಿ ಬಂದವರು. ಅವರು ಸಾಯೂಮಟಾ ಇದನ್ನ ಹೇಳತಿದ್ರು" ಎಂದು ವೈನಿ ನನ್ನನ್ನು ತೋರಿಸಿದರು. ಸುತ್ತ ಕುಳಿತವರೆಲ್ಲ ಉಣ್ಣುವುದು ಬಿಟ್ಟು ನನ್ನತ್ತ ನೋಡಿದರು.

ಮುದುಕರು ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಯಾವ ಕಡಿ ಇಳಿದಿದ್ರಿ? ಗುಡಿ ಮುಂದನೋ, ಕೆಳಗ ಬಂಡಿ ದಾಟೂ ಕಡೀನೋ? ನಡುವ ಸೆಳವು ಭಾಳ ಇರತೈತಿ. ಗುಂಡಿಗಿ ಬೇಕ್ರೀ ಅದಕ್ಕ" ಅಂದರು.

ನನ್ನ ಬಾಯಿ ತುಂಬ ಮಾದಲಿ ಇತ್ತು. ಹೂಂ ಅಂದಂತೆಯೂ ಇಲ್ಲ ಅಂದಂತೆಯೂ ತಲೆಯಾಡಿಸಿದೆ. ಮಾದಲಿ ಬಹಳ ಚೆನ್ನಾಗಿತ್ತು. ಇಂಥ ದಿನ ಇದನ್ನು ಹೇಗೆ ಹೇಳುವುದು? ಆದರೆ ಚೆನ್ನಾಗಿತ್ತು. ವೈನಿ ಕಣ್ಣು ತುಂಬಿಕೊಂಡು ಇನ್ನೊಂದು ಸಲ ಬಡಿಸಲು ಬಂದರು. ಸಾಕು ಅನ್ನಬೇಕಾಗಿತ್ತು. ತಟ್ಟೆ ಅವರ ಮುಂದಕ್ಕೆ ಒಡ್ಡಿದೆ.