ಮೇಡಂ, ನಾವು ಯಾವ ಬಾಗಿಲಿಗೆ ಹೋಗ್ಬೇಕು?

ಮನಸ್ಸಿಗೆ ತೊಂದರೆಯಾದರೆ ಯಾರ ಹತ್ತಿರ ಹೋಗಬೇಕು ಅಂತ ದಿನಾ ಜನರಿಗೆ ಹೇಳೋ ಕೆಲಸ ಸಿಕ್ಕಿದರೆ, ನಗೋ ಸಂದರ್ಭಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರ್ತವೆ. ಅಲ್ಲಾಳಸಂದ್ರದ ಒಂದು ಕ್ಲಿನಿಕ್‌ನಲ್ಲಿ ನಾನು ಕೆಲವು ವರ್ಷ ರಿಸೆಪ್ಷನ್ ನೋಡಿಕೊಳ್ತಿದ್ದೆ. ಒಳಗೆ ಮೂರು ರೂಮು. ಮೊದಲನೆಯದರಲ್ಲಿ ಸೈಕಿಯಾಟ್ರಿಸ್ಟ್, ಅಂದರೆ ಪರೀಕ್ಷೆ ಮಾಡಿ, ಬೇಕಿದ್ದರೆ ಮಾತ್ರೆ ಬರೆದುಕೊಡೋ ಡಾಕ್ಟರು. ಎರಡನೆಯದರಲ್ಲಿ ಸೈಕಾಲಜಿಸ್ಟ್ ಮೇಡಂ. ಅವರು ಮಾತ್ರೆ ಬರೆಯಲ್ಲ, ಮಾತಿನಲ್ಲೇ ಚಿಕಿತ್ಸೆ. ಮೂರನೆಯದರಲ್ಲಿ ಗಂಡ-ಹೆಂಡತಿ, ಅತ್ತೆ-ಸೊಸೆ ತಕರಾರು ಕೇಳೋ ಕೌನ್ಸೆಲರ್. ಇದರಲ್ಲಿ ಗೊಂದಲ ಆಗೋದಕ್ಕೆ ಏನಿದೆ ಅಂತ ಮೊದಲ ದಿನ ನನಗೂ ಅನ್ನಿಸಿತ್ತು.

ಒಂದು ಲೋಟ ನೀರು

ಜಕ್ಕೂರಿನ ಯಜಮಾನರೊಬ್ಬರು ಬಂದಿದ್ದರು. ಹೊಲವೆಲ್ಲ ಅಪಾರ್ಟ್‌ಮೆಂಟ್ ಆಗಿ, ಬೆಳಗ್ಗೆ ಎದ್ದರೆ ಹೋಗೋಕೆ ಜಾಗವಿಲ್ಲದೆ ಕೂತಿದ್ದವರು. ನಿದ್ದೆ ಪೂರ್ತಿ ಕೆಟ್ಟಿತ್ತು. ಡಾಕ್ಟರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಪಕ್ಕದ ರೂಮಿನ ಮೇಡಂ ಜೊತೆ ಮಾತಾಡಿ ಅಂದರು. ಇಂಜೆಕ್ಷನ್ ಇಲ್ಲ, ಗುಳಿಗೆ ಇಲ್ಲ, ಇದೆಂಥ ಆಸ್ಪತ್ರೆ ಅಂತ ಯಜಮಾನರು ನನ್ನ ಮುಂದೆ ಗೊಣಗಿಕೊಂಡೇ ಒಳಗೆ ಹೋದರು. ಮಧ್ಯದಲ್ಲಿ ಮೇಡಂ ಬಾಗಿಲು ತೆಗೆದು ಯಜಮಾನರಿಗೆ ಅಂತ ನೀರು ಕೇಳಿದರು. ಫಿಲ್ಟರಿನಿಂದ ಒಂದು ಲೋಟ ಹಿಡಿದು ಕೊಟ್ಟೆ. ಬಹಳ ಹೊತ್ತಿನ ಮೇಲೆ ಯಜಮಾನರು ಟವೆಲ್‌ನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮುಂದಿನ ವಾರ ಬಂದಾಗ ಮುಖ ಅರಳಿತ್ತು. ದೊಡ್ಡದೊಂದು ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು.

"ಇಂಗೆ ನಿದ್ದೆ ಮಾಡಿ ಎಷ್ಟು ಕಾಲ ಆಗಿತ್ತೋ ಕಣಮ್ಮ. ಆ ಮೇಡಮ್ಮೋರು ಒಳ್ಳೇವ್ರು, ಅವ್ರಿಗ್ಯಾಕೆ ಮತ್ತೆ ತೊಂದ್ರೆ. ಆವತ್ತು ಕೊಟ್ರಲ್ಲ ನೀರು, ಅದನ್ನೇ ಇದ್ರಲ್ಲಿ ತುಂಬಿಸ್ಕೊಡು, ಸಾಕು."

ಅದು ಬರೀ ನೀರು, ನೀವು ಮನಸ್ಸು ಬಿಚ್ಚಿ ಮಾತಾಡಿದ್ದಕ್ಕೆ ನಿದ್ದೆ ಬಂದಿದ್ದು ಅಂತ ಬಿಡಿಸಿ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಫಿಲ್ಟರನ್ನೇ ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು:

"ಅಂಗಾದ್ರೆ ಆ ಮಿಷನ್ನು ಎಲ್ಲಿ ತಗೊಂಡ್ರಿ?"

ಪೇಷಂಟ್ ಯಾರು?

ಆರ್.ಟಿ. ನಗರದಿಂದ ಒಬ್ಬರು ಹೆಂಗಸು ಫೋನ್ ಮಾಡಿ ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಕೇಳಿದರು. ತೊಂದರೆ ಇರೋದು ಗಂಡನಿಗೆ, ಆದರೆ ಹಾಗಂದರೆ ಅವರು ಬರಲ್ಲ, ಅದಕ್ಕೇ ನನಗೇ ಹುಷಾರಿಲ್ಲ ಅಂತ ಹೇಳಿ ಕರ್ಕೊಂಡು ಬರ್ತೀನಿ ಅಂದರು. ಸಂಜೆ ಅದೇ ಅಪಾಯಿಂಟ್‌ಮೆಂಟ್ ಬಗ್ಗೆ ಗಂಡನ ಫೋನ್ ಬಂತು. ಹೆಂಡತಿ ಕೊನೆಗೂ ತನ್ನ ತಪ್ಪು ಒಪ್ಪಿಕೊಂಡಿದ್ದಾಳೆ, ನಾನು ಸುಮ್ಮನೆ ಜೊತೆಗೆ ಬರ್ತಿದ್ದೀನಿ, ಚೆನ್ನಾಗಿ ಬುದ್ಧಿ ಹೇಳಿಸಿ ಅಂದರು.

ಬಂದವರು ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಮನೆಯಲ್ಲೂ ಮಗಳ ಮೂಲಕವೇ ಮಾತಂತೆ. ನಾನು ಪೇಷಂಟ್ ಹೆಸರು ಏನು ಅಂತ ಕೇಳಿದೆ. ಇಬ್ಬರೂ ಒಟ್ಟಿಗೆ, ಒಬ್ಬರು ಇನ್ನೊಬ್ಬರ ಹೆಸರು ಹೇಳಿಬಿಟ್ಟರು.

ಮೊದಲು ನಕ್ಕಿದ್ದು ಆಕೆ. ಆಮೇಲೆ ಅವರೂ ತಡೆಯಲಾರದೆ ನಕ್ಕರು. ಸದ್ದು ಕೇಳಿ ಕೌನ್ಸೆಲರ್ ಹೊರಗೆ ಬಂದು, ಇಬ್ಬರೂ ಬನ್ನಿ ಅಂತ ಕರ್ಕೊಂಡು ಹೋದರು. ವಾಪಸ್ ಹೋಗುವಾಗ ಮಾತಾಡಿಕೊಂಡೇ ಬಂದರು. ಗಂಡ ನನ್ನ ಮೇಜಿನ ಹತ್ತಿರ ಬಗ್ಗಿ, "ಮುಂದಿನ ವಾರವೂ ಬರ್ತೀವಿ ಮೇಡಂ. ಅವಳಿಗೆ ಇನ್ನೂ ಸ್ವಲ್ಪ ಬೇಕಂತೆ" ಅಂದರು.

ಅವರ ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಬೆರಳು ತೋರಿಸಿ, ಸದ್ದಿಲ್ಲದೆ ತುಟಿಯಾಡಿಸಿದರು: "ಇವ್ರಿಗೆ."

ಫೋನಿನಲ್ಲಿ ಅಜ್ಜಿ

ಹೆಬ್ಬಾಳದ ಅಜ್ಜಿಯೊಬ್ಬರು ಫೋನ್ ಮಾಡಿ, ಮನಸ್ಸಿಗೆ ಸಮಾಧಾನವಿಲ್ಲ, ಯಾರನ್ನ ನೋಡಲಿ ಅಂತ ಕೇಳಿದರು. ಮೂರೂ ರೂಮಿನ ವಿಷಯ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಮಂಡಿನೋವಿನಿಂದ ಶುರುಮಾಡಿ, ಸೊಸೆಯ ಸಾರು, ತೀರಿಹೋದ ಗಂಡ, ಫೋನೇ ಮಾಡದ ಅಕ್ಕ, ಎಲ್ಲಾ ಹೇಳ್ತಾ ಹೋದರು. ನಾನು ಹೂಂ, ಹೂಂ ಅಂತಿದ್ದೆ. ಕೊನೆಗೆ ದೊಡ್ಡದಾಗಿ ಉಸಿರು ಬಿಟ್ಟು, "ಹಗುರವಾಯ್ತು ಕಣಮ್ಮ. ಅಂದಹಾಗೆ, ನೀನು ಎಷ್ಟನೇ ರೂಮಿನ ಡಾಕ್ಟ್ರು?" ಅಂದರು.

ನನ್ನ ಸರದಿ

ಈಗ ಚೆನ್ನಾಗಿದ್ದೀನಿ, ಅದಕ್ಕೇ ನಗ್ತಾ ಹೇಳಬಹುದು. ಒಂದು ವರ್ಷ ಅಮ್ಮನಿಗೆ ದೊಡ್ಡ ಆಪರೇಷನ್ ಆಯಿತು. ಅವರು ಎದ್ದು ಓಡಾಡೋ ಹೊತ್ತಿಗೆ ನನಗೆ ಶುರುವಾಯಿತು. ಬಸ್ಸಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ, ಕೈಯೆಲ್ಲ ತಣ್ಣಗೆ, ಇಲ್ಲೇ ಸತ್ತುಹೋಗ್ತೀನಿ ಅನ್ನೋ ಭಯ. ಇಸಿಜಿ ಮಾಡಿಸಿದೆ. ಹೃದಯ ಗಟ್ಟಿಯಾಗಿದೆ, ಮನಸ್ಸಿನ ಡಾಕ್ಟರನ್ನ ನೋಡಿ ಅಂದರು. ನಮ್ಮ ಡಾಕ್ಟರು, ಜೊತೆಯಲ್ಲಿ ಕೆಲಸ ಮಾಡೋರಿಗೆ ನಾವೇ ಚಿಕಿತ್ಸೆ ಮಾಡೋದು ಸರಿಯಲ್ಲ ಅಂತ ಹೇಳಿ ಏನಾದರೂ ಗೊತ್ತಾಗದಿದ್ದರೆ ನಮಗೇ ಫೋನ್ ಮಾಡಿ ಕೇಳ್ತಿದ್ದ ಯಶವಂತಪುರದ ಒಂದು ಕ್ಲಿನಿಕ್‌ಗೆ ಕಳಿಸಿದರು.

ಅರ್ಧ ದಿನ ರಜೆ ಹಾಕಿ ಹೋದೆ. ಅವಸರದಲ್ಲಿ ನಮ್ಮ ಕ್ಲಿನಿಕ್‌ನ ಮೊಬೈಲೂ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಅಲ್ಲಿಯ ರಿಸೆಪ್ಷನ್ ಹುಡುಗಿ ಕೆಲಸಕ್ಕೆ ಹೊಸಬಳು. "ಯಾರನ್ನ ನೋಡ್ಬೇಕಿತ್ತು ಮೇಡಂ?" ಅಂತ ಕೇಳಿದಳು.

ದಿನಾ ನಾನೇ ಕೇಳೋ ಪ್ರಶ್ನೆ. ಎದೆ ಹೊಡ್ಕೊಳ್ತಿದೆ, ಭಯ ಆಗುತ್ತೆ ಅಂತ ಏನೋ ತೊದಲಿದೆ. ಅವಳು, ಕೂತ್ಕೊಳ್ಳಿ, ಗೊತ್ತಿರೋರನ್ನ ಕೇಳಿ ಹೇಳ್ತೀನಿ ಅಂತ ಫೋನ್ ತಗೊಂಡಳು. ಅದೇ ಹೊತ್ತಿಗೆ ನನ್ನ ಬ್ಯಾಗಿನಲ್ಲಿ ಕ್ಲಿನಿಕ್ ಮೊಬೈಲ್ ಹೊಡೆಯಿತು. ಮೆಟ್ಟಿಲ ಹತ್ತಿರ ಬಂದು ಎತ್ತಿದೆ.

ಯಶವಂತಪುರದಿಂದ ಮಾತಾಡ್ತಿದ್ದೀನಿ, ಒಬ್ಬರು ಮೇಡಂ ಬಂದಿದ್ದಾರೆ, ತುಂಬಾ ಹೆದರಿದ್ದಾರೆ, ಯಾರ ಹತ್ತಿರ ಕಳಿಸಲಿ ಅಂತ ಅದೇ ಹುಡುಗಿ ಕೇಳ್ತಿದ್ದಳು.

ಅಭ್ಯಾಸಬಲ, ನನ್ನ ದನಿ ತಾನಾಗಿಯೇ ನೆಟ್ಟಗಾಯಿತು. ಇಸಿಜಿ ಆಗಿದ್ಯಾ ಕೇಳಿ, ಆಗಿದ್ದರೆ ಮೊದಲು ಸೈಕಿಯಾಟ್ರಿಸ್ಟ್ ನೋಡಲಿ, ಆಮೇಲೆ ಸೈಕಾಲಜಿಸ್ಟ್ ಹತ್ತಿರವೂ ಕೂರಲಿ, ಇದು ಬಹಳ ಜನಕ್ಕೆ ಬರುತ್ತೆ, ವಾಸಿಯಾಗುತ್ತೆ, ಹೆದರಬೇಡಿ ಅಂತ ಅವರಿಗೆ ಹೇಳಿ ಅಂದೆ. ಹೇಳ್ತಾ ಹೇಳ್ತಾ ನನ್ನ ಎದೆಬಡಿತವೂ ಸ್ವಲ್ಪ ಇಳಿಯಿತು.

ಒಳಗೆ ಬಂದೆ. ನಾನು ಹೇಳಿದ್ದನ್ನೆಲ್ಲ ಹುಡುಗಿ ಒಂದಕ್ಷರ ಬಿಡದೆ ನನಗೇ ಒಪ್ಪಿಸಿದಳು. ಕೊನೆಗೆ ಕನಿಕರದಿಂದ ನನ್ನ ಮುಖ ನೋಡಿದಳು.

"ಅಲ್ಲಿರೋ ಮೇಡಂ ಎಷ್ಟು ಸಮಾಧಾನವಾಗಿ ಮಾತಾಡ್ತಾರೆ ಗೊತ್ತಾ? ನೀವೂ ಒಂದ್ಸಲ ಅವರ ಜೊತೆ ಮಾತಾಡಿ ನೋಡಿ."