ಹಾಡೊಂದನ್ನು ಬಿಟ್ಟು ಎಲ್ಲ ಮಾಡುವ ಭಾವ

ನಮ್ಮ ಭಾವ ದೊಡ್ಡ ಸಂಗೀತಗಾರರು. ಮಧುಗಿರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಒಪ್ಪುತ್ತಾರೆ. ಆದರೆ ಅವರು ಮಾಡಿದ ಹಾಡು ಯಾವುದು ಅಂತ ಮಾತ್ರ ಕೇಳಬೇಡಿ. ಅದನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಅವರೂ ಕೇಳಿಲ್ಲ.

ಹಾಗಂತ ಅವರು ಕೆಲಸವಿಲ್ಲದ ಮನುಷ್ಯರಲ್ಲ. ಪೌರಾಣಿಕ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತಾರೆ. ಕೊರಟಗೆರೆಯಲ್ಲಾಗಲಿ, ಶಿರಾ, ಪಾವಗಡದ ಕಡೆಯಾಗಲಿ, ಎಲ್ಲಿ ಪರದೆ ಕಟ್ಟಿದರೂ ಅದರ ಪಕ್ಕದಲ್ಲಿ ನಮ್ಮ ಭಾವ ಕೂತಿರುತ್ತಾರೆ. ದುರ್ಯೋಧನ ತಾಳ ತಪ್ಪಿದರೆ ತಾವೂ ಅಷ್ಟೇ ತಪ್ಪಿ ಅವನ ಮಾನ ಉಳಿಸುವಷ್ಟು ಅವರ ಕೈ ಪಳಗಿದೆ. ಇಂಥವರು ಸ್ವಂತವಾಗಿ ಹಾಡು ಮಾಡಬೇಕೆಂದು ಒಂದು ಲ್ಯಾಪ್‌ಟಾಪ್ ತಂದರು. ಹಾಡು ಕಟ್ಟುವ ದೊಡ್ಡ ಸಾಫ್ಟ್‌ವೇರನ್ನೂ ಹಾಕಿಸಿದರು. ಅಕ್ಕ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಮಂಗಳಾರತಿ ಮಾಡಿದಳು. ಆ ದೊಡ್ಡ ಸಾಫ್ಟ್‌ವೇರ್ ತೆರೆದದ್ದು ಅವತ್ತೇ ಮೊದಲು, ಅವತ್ತೇ ಕೊನೆ.

ಯಾಕೆಂದರೆ ಅಷ್ಟರಲ್ಲಿ ಭಾವನಿಗೆ ಒಂದು ಜ್ಞಾನೋದಯವಾಯಿತು. ಈ ದೊಡ್ಡ ಸಾಫ್ಟ್‌ವೇರಿನ ಸುತ್ತ ಲೆಕ್ಕವಿಲ್ಲದಷ್ಟು ಸಣ್ಣಪುಟ್ಟ ಸಾಫ್ಟ್‌ವೇರುಗಳಿವೆ ಅಂತ. ದಪ್ಪ ದನಿಯನ್ನು ತೆಳ್ಳಗೆ ಮಾಡುವುದು ಒಂದು, ಸೀನಿದ ಶಬ್ದವನ್ನು ಗಂಟೆಗಟ್ಟಲೆ ಎಳೆಯುವುದು ಇನ್ನೊಂದು, ಚಿತ್ರ ಕೊಟ್ಟರೆ ಅದನ್ನು ನಾದ ಮಾಡಿಕೊಡುವುದು ಮತ್ತೊಂದು. ಮದುವೆಗೆ ಹೋದವರು ಊಟದ ಪಂಕ್ತಿ ಬಿಟ್ಟು ಬೀಡದ ಅಂಗಡಿ ಮುಂದೆಯೇ ನಿಂತುಬಿಟ್ಟರೆ ಹೇಗೆ? ಭಾವ ಹಾಗೆ ನಿಂತುಬಿಟ್ಟರು.

“ಹಾಡು ಯಾವಾಗ ಭಾವ?” ಅಂತ ಕೇಳಿದರೆ, “ಹಾಡು ಎಲ್ಲೋಯ್ತದೆ ಕಣ್ಲಾ? ಮೊದ್ಲು ಶಬ್ದ ಅಂದ್ರೆ ಏನು ಅಂತ ತಿಳ್ಕಬೇಕು” ಅನ್ನುತ್ತಾರೆ. ಶಬ್ದ ಅಂದರೇನು ಅಂತ ನಮ್ಮ ಅಕ್ಕನಿಗೆ ಮದುವೆಯಾದ ದಿನದಿಂದ ಗೊತ್ತು. ಪಾಪ, ಅವಳನ್ನು ಯಾರು ಕೇಳುತ್ತಾರೆ?

ಮೊದಲ ಬಲಿ ಮಧುಗಿರಿ ಬೆಟ್ಟ. ಚಿತ್ರವನ್ನು ನಾದ ಮಾಡುವ ಸಾಫ್ಟ್‌ವೇರಿದೆಯಲ್ಲ, ಅದು ಫೋಟೊವನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ಮೇಲಿದ್ದದ್ದು ತಾರ ಸ್ವರ, ಕೆಳಗಿದ್ದದ್ದು ಮಂದ್ರ, ಹೊಳೆದದ್ದು ಜೋರು. ಭಾವ ಮಾಳಿಗೆ ಹತ್ತಿ ಬೆಟ್ಟದ ಫೋಟೊ ಹೊಡೆದು ಅದರ ಬಾಯಿಗೆ ಕೊಟ್ಟರು. ಹೊರಟ ಶಬ್ದ ಹೇಗಿತ್ತೆಂದರೆ, ಹೊಟ್ಟೆನೋವಿನ ಎಮ್ಮೆಯೊಂದು ಬಾವಿಯೊಳಗೆ ಕೂತು ಯೋಚನೆ ಮಾಡುತ್ತಿರುವ ಹಾಗಿತ್ತು. ಭಾವ ಕಣ್ಣು ಮುಚ್ಚಿ ಕೇಳಿದರು. “ಏನು ಗಾಂಭೀರ್ಯ ನೋಡು. ಒಂದೇ ಕಲ್ಲಿನ ಬೆಟ್ಟ ಅಲ್ವಾ, ಅದ್ಕೇ ಸ್ವರಾನೂ ಒಂದೇ” ಅಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಸಂಸಾರ ನೆಟ್ಟಗಿರುತ್ತಿತ್ತು. ಗೋಡೆಯ ಮೇಲಿದ್ದ ತಮ್ಮ ಮದುವೆ ಫೋಟೊವನ್ನೂ ಕೊಟ್ಟುಬಿಟ್ಟರು! ಭಾವ ನಿಂತಿದ್ದ ಎಡಭಾಗ ತಂಬೂರಿಯ ಹಾಗೆ ತಣ್ಣಗೆ ಗುಂಯ್‌ಗುಟ್ಟಿತು. ಅಕ್ಕ ನಿಂತಿದ್ದ ಭಾಗ ಬಂದೊಡನೆ ಹಳೇ ಬಸ್ಸು ಬ್ರೇಕ್ ಹಾಕಿದಂತೆ ಕಿರ್ರೆಂದು ಕಿರುಚಿತು. ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಅಕ್ಕ, “ಇದೇನ್ರೀ ಇದು, ಯಾರ ದನಿ?” ಅಂದಳು.

“ನಿಂದಲ್ಲ ಕಣಮ್ಮ, ನಿನ್ನ ಸೀರೆ ಜರೀದು. ಮಿಂಚ್ತದಲ್ಲ, ಅದ್ಕೆ ಜೋರಾಗಿ ಬತ್ತದೆ.”

“ಜರಿ ಕಿರುಚ್ತದಾ?”

“ನಾನೇನ್ ಮಾಡ್ಲಿ, ಮಿಷನ್ನು ಹೇಳ್ತದೆ.”

ಆಮೇಲೆ ಕೆಲವು ದಿನ ಮಿಷನ್ನೇ ಅವರಿಗೆ ಊಟ ಬಡಿಸಲಿ ಅಂತ ಅಕ್ಕ ಸುಮ್ಮನಿದ್ದಳು.

ಎರಡನೆಯ ಹುಚ್ಚು ಶ್ರುತಿ ಹೇಳುವ ಆಪ್. ಯಾವ ಶಬ್ದವನ್ನು ಕೇಳಿಸಿದರೂ ಅದು ಹಾರ್ಮೋನಿಯಂನ ಯಾವ ಮನೆ, ಬಿಳಿಯೋ ಕಪ್ಪೋ ಅಂತ ಫೋನಿನ ಮೇಲೆ ತೋರಿಸುತ್ತದೆ. ಭಾವ ಅದನ್ನು ಅಂಗೈಯಲ್ಲಿ ಹಿಡಿದು ಊರೆಲ್ಲ ಸುತ್ತಿದರು. ಮಿಡಿಗೇಶಿ ಬಸ್ಸಿನ ಹಾರನ್ನು ಕಪ್ಪು ಎರಡು, ಹಿಟ್ಟಿನ ಗಿರಣಿ ಬಿಳಿ ಒಂದು. ಮಿಕ್ಸಿ ರಿಪೇರಿಯಾಗಿ ಬಂದಾಗ, “ಚಟ್ನಿ ಚೆನ್ನಾಗಾಗ್ತದೆ, ಆದ್ರೆ ಶ್ರುತಿ ಇಳಿಸ್ಬುಟ್ಟಿದ್ದೀರಿ” ಅಂತ ಅಂಗಡಿಯವನ ಹತ್ತಿರ ವಾಪಸು ಒಯ್ದರು. ಅಂಗಡಿಯವನು ಇವತ್ತಿಗೂ ಭಾವನನ್ನು ಕಂಡರೆ ಒಳಗೆ ಹೋಗಿ ಕೂರುತ್ತಾನೆ.

ಇಂಥವರನ್ನು ನಾನು ಹೆಣ್ಣು ನೋಡಲು ಕೊರಟಗೆರೆಗೆ ಕರೆದುಕೊಂಡು ಹೋದೆ. ಮನೆಗೆ ದೊಡ್ಡ ಅಳಿಯ, ಬಿಡುವ ಹಾಗಿರಲಿಲ್ಲ. ಹುಡುಗಿ ಕಾಫಿ ತಂದಿಟ್ಟಳು. ಎಲ್ಲರೂ ನೆಲ ನೋಡುತ್ತಾ ಕೂತಿದ್ದೆವು. ಹುಡುಗಿಯ ತಂದೆ, “ಏನಾದ್ರೂ ಕೇಳೋದಿದ್ರೆ ಕೇಳಿ” ಅಂದರು. ಭಾವ ಗಂಟಲು ಸರಿಮಾಡಿಕೊಂಡು ಫೋನು ಮುಂದೆ ಹಿಡಿದರು.

“ನಿನ್ನ ಹೆಸರು ಇನ್ನೊಂದ್ಸಲ ಹೇಳಮ್ಮ.”

ಹುಡುಗಿ ಹೇಳಿದಳು. ಭಾವ ಫೋನನ್ನು ನನ್ನ ಬಾಯಿಯ ಹತ್ತಿರ ತಂದರು. “ನೀನೂ ಹೇಳ್ಲಾ.” ನಾನು ಹೇಳಿದೆ. ಇಬ್ಬರ ಲೆಕ್ಕವನ್ನೂ ನೋಡಿ ಸಭೆಗೆ ತಿಳಿಸಿದರು: “ಹುಡ್ಗಿ ಬಿಳಿ ಐದು, ನಮ್ಮ ಹುಡ್ಗ ಬಿಳಿ ಒಂದು. ಷಡ್ಜ, ಪಂಚಮ. ಜಾತಕ ಇನ್ನೇನೂ ನೋಡೋದ್ ಬ್ಯಾಡ.”

ಹುಡುಗಿಯ ತಂದೆಯ ಮುಖದಲ್ಲಿ ಯಾವ ಸ್ವರವೂ ಇರಲಿಲ್ಲ. ನಾನು ಭೂಮಿ ಬಾಯಿ ಬಿಡಲಿ ಅಂತ ಕಾಯುತ್ತಿದ್ದೆ. ಹುಡುಗಿ ಬಾಗಿಲ ಹಿಂದೆ ಹೋಗಿ ನಗುವುದು ಕೇಳಿಸಿತು. ಭಾವ ಆ ಕಡೆಗೂ ಫೋನು ಹಿಡಿದು, “ನಗು ಮಾತ್ರ ಶ್ರುತಿಗೆ ಸಿಗ್ತಿಲ್ಲ” ಅಂದರು. ಅವತ್ತು ನಕ್ಕವಳೇ ಈಗ ನನ್ನ ಹೆಂಡತಿ. ಶ್ರುತಿಗೆ ಇನ್ನೂ ಸಿಕ್ಕಿಲ್ಲ.

ಇನ್ನು ದನಿ ಬದಲಿಸುವ ಸಾಫ್ಟ್‌ವೇರಿನ ಕತೆ. ವೈ.ಎನ್.ಹೊಸಕೋಟೆಯ ಹತ್ತಿರ ಒಂದು ಹಳ್ಳಿಯಲ್ಲಿ ಸಂಘದ ಕಟ್ಟಡ ಉದ್ಘಾಟನೆ. ಮಧ್ಯಾಹ್ನ ಊಟವಾದ ಮೇಲೆ ನಾಟಕದ ಒಂದು ದೃಶ್ಯ ಮಾತ್ರ ಆಡುವುದೆಂದು ತೀರ್ಮಾನವಾಗಿತ್ತು. ಕಡಲೆಕಾಯಿ ವ್ಯಾಪಾರಿಯೊಬ್ಬರು ದುರ್ಯೋಧನ. ಮೀಸೆ, ಗದೆ, ಹೊಟ್ಟೆ ಎಲ್ಲ ದುರ್ಯೋಧನನದೇ. ದನಿ ಮಾತ್ರ ಉತ್ತರಕುಮಾರನದು. “ಏನಾದ್ರೂ ಮಾಡಿ ಮೇಷ್ಟ್ರೇ” ಅಂತ ಅವರು ಕೇಳಿಕೊಂಡರು. ಭಾವನಿಗೆ ಹೇಳಬೇಕೇ? ಮೈಕುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಜೋಡಿಸಿ ದುರ್ಯೋಧನನ ಮೈಕನ್ನು ಗುಡುಗಿನಷ್ಟು ದಪ್ಪ ಮಾಡಿದರು. ದ್ರೌಪದಿಯ ಪಾತ್ರದ ಕಲಾವಿದೆಗೆ ನೆಗಡಿಯಾಗಿತ್ತು, ಅವರ ಮೈಕನ್ನು ಕೊಂಚ ತೆಳ್ಳಗೆ ಮಾಡಿದರು. ಪರದೆ ಏಳುವ ಗಡಿಬಿಡಿಯಲ್ಲಿ ಮೈಕುಗಳು ಅದಲುಬದಲಾದವು.

ದುರ್ಯೋಧನ ಗದೆ ಎತ್ತಿ ಅಟ್ಟಹಾಸ ಮಾಡಿದ. ಸ್ಪೀಕರಿನಿಂದ ತೊಟ್ಟಿಲ ಮಗುವೊಂದು ಕಿಲಕಿಲ ನಕ್ಕಿತು. ದ್ರೌಪದಿ ಬೆಚ್ಚಿ, “ಸ್ವಾಮೀ, ಕಾಪಾಡು” ಅಂದರು. ಯಮನೇ ಬಂದು ಕೂಗಿದಂತಾಯಿತು. ನನ್ನ ಪಕ್ಕ ಕೂತಿದ್ದ ತಾತ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ತೆಲುಗಿನಲ್ಲಿ, “ಏಮಪ್ಪಾ, ದುರ್ಯೋಧನುಡು ಪಿಲ್ಲೋಡು ಅಯಿಪೋಯಿನಾಡೇ” ಅಂದ. ನನಗೆ ಅರ್ಥವಾಗಲಿಲ್ಲ ಅಂತ ತಿಳಿದು ಕನ್ನಡದಲ್ಲೂ ಹೇಳಿದ: “ದುರ್ಯೋಧನ ಚಿಕ್ಕ ಮಗು ಆಗ್ಬುಟ್ನಲ್ಲ ಸಾಮಿ. ಈಯಮ್ಮನ್ನ ಮುಟ್ಟೋಕೆ ಯಾವನಿಗಾದ್ರೂ ಧೈರ್ಯ ಬತ್ತದಾ?”

ವ್ಯಾಪಾರಿ ಗದೆ ಹಿಡಿದು ಕೀಬೋರ್ಡಿನ ಕಡೆ ಬರುವುದರಲ್ಲಿದ್ದರು. ಅಷ್ಟರಲ್ಲಿ ಶಾಮಿಯಾನದ ತುಂಬ “ಒನ್ಸ್ ಮೋರ್” ಕೂಗು ಎದ್ದಿತು. ಜನ ಬಿಡಲಿಲ್ಲ. ವ್ಯಾಪಾರಿ ಬೇರೆ ದಾರಿಯಿಲ್ಲದೆ ಇನ್ನೊಂದು ಸಲ ಕಿಲಕಿಲ ನಕ್ಕರು. ಪಕ್ಕದ ಹಳ್ಳಿಯವರು ಅಲ್ಲೇ ಬಂದು, “ನಮ್ಮೂರಿಗೂ ಇದೇ ದುರ್ಯೋಧನ ಬೇಕು” ಅಂತ ಕೇಳಿದ ಮೇಲೆ ಅವರ ಸಿಟ್ಟು ಇಳಿಯಿತು.

ಹೀಗೆ ನಡೆದಿರುವಾಗ ಕಳೆದ ಬೇಸಿಗೆಯಲ್ಲಿ ಭಾವ ಇದ್ದಕ್ಕಿದ್ದಂತೆ ಭಾನುವಾರವಾದರೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಶಿರಾ ಬಸ್ಸು ಹತ್ತತೊಡಗಿದರು. ಎಲ್ಲಿಗೆ ಅಂದರೆ, “ಒಂದು ಪ್ರಾಕ್ಟೀಸು” ಅನ್ನುವುದು. ಸಂಜೆ ವಾಪಸು ಬಂದರೆ ತುಟಿ ಬಾತುಕೊಂಡಿರುತ್ತಿತ್ತು. ಒಂದು ವಾರವಲ್ಲ, ಎರಡು ವಾರವಲ್ಲ, ಪ್ರತಿ ಭಾನುವಾರ ಬಾತ ತುಟಿ. ಅಕ್ಕ ನನಗೆ ಫೋನ್ ಮಾಡಿದಳು.

“ನಿಮ್ಮ ಭಾವ ಯಾರತ್ರಾನೋ ಒದೆ ತಿಂದು ಬತ್ತಾವ್ರೆ ಕಣೋ.”

“ಪ್ರತಿ ವಾರ ಹೋಗಿ ಯಾರಾದ್ರೂ ಒದೆ ತಿಂತಾರಾ ಅಕ್ಕ?”

“ಅವರು ತಿಂತಾರೆ. ನಿಂಗೆ ಗೊತ್ತಿಲ್ವಾ ಅವರು?”

ಮುಂದಿನ ಭಾನುವಾರ ಅಕ್ಕ ಹಟ ಹಿಡಿದು ಜೊತೆಗೆ ಹೊರಟಳು. ನನ್ನನ್ನೂ ಎಳೆದುಕೊಂಡಳು. ಭಾವ ಶಿರಾದಲ್ಲಿಳಿದು ಓಣಿಯೊಂದರ ಕೊನೆಯ ಮನೆಯ ಮುಂದೆ ನಿಂತು ಹೇಳಿದರು: “ಬ್ಯಾಂಡ್ ಸಾಹೇಬ್ರ ಮನೆ. ಯಾರಿಗೂ ಹೇಳ್ಬ್ಯಾಡ ಅಂತ ಮಾತು ತಗಂಡಿದ್ರು. ನೀವಾಗೇ ಬಂದ್ರಿ, ನಾನ್ ಹೇಳಿಲ್ಲ.”

ಸಾಹೇಬರು ಯಾರೆಂದು ನನಗೂ ಗೊತ್ತಿತ್ತು. ಸುತ್ತಲ ತಾಲ್ಲೂಕುಗಳ ಮದುವೆ ಮೆರವಣಿಗೆಗಳ ಮುಂದೆ ಕ್ಲಾರಿನೆಟ್ ಊದುತ್ತಾ ನಡೆದವರು. ಹರೆಯದಲ್ಲಿ ಭಾವ ಅವರ ಬ್ಯಾಂಡಿನಲ್ಲೇ ಕೀಬೋರ್ಡ್ ನುಡಿಸುತ್ತಾ ಸ್ವರ ಕಲಿತದ್ದು. ಸಾಹೇಬರಿಗೆ ಲಕ್ವ ಹೊಡೆದದ್ದು ಮಾತ್ರ ನಮಗೆ ತಿಳಿದಿರಲಿಲ್ಲ. ಬಲಗೈ ಬಿದ್ದುಹೋಗಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಉಸಿರು ಹಿಡಿಯಲು ಆಗುತ್ತಿರಲಿಲ್ಲ. ಕ್ಲಾರಿನೆಟ್ಟನ್ನು ಕಣ್ಣಿಗೆ ಕಾಣದ ಹಾಗೆ ಇಡಿ ಅಂತ ಮನೆಯವರಿಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದವರು ಯಾರನ್ನೂ ನೋಡಲು ಒಪ್ಪಿರಲಿಲ್ಲವಂತೆ. ಅವರ ಹೆಂಡತಿ ನಮಗೆ ಚಹಾ ಕೊಡುತ್ತಾ ಮೆಲ್ಲಗೆ ಹೇಳಿದರು, “ನಿಮ್ಮೋರು ಮೂರ್ನಾಲ್ಕು ಸಲ ಬಾಗಿಲಿಂದಾನೇ ವಾಪಸ್ ಹೋದ್ರಮ್ಮ. ಮತ್ತೂ ಬಂದ್ರು.”

ಭಾವ ಮತ್ತೆ ಮತ್ತೆ ಹೋದದ್ದು ಒಂದು ಸಾಫ್ಟ್‌ವೇರ್ ಹೊತ್ತುಕೊಂಡು. ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಕೈ ಆಡಿಸಿದರೆ ಅದು ನೋಡುತ್ತದೆ. ಕೈ ಮೇಲೆ ಹೋದರೆ ಸ್ವರ ಏರುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ. ಮುಷ್ಟಿ ಬಿಚ್ಚಿದರೆ ನಾದ ಹೊರಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಉಸಿರೂ ಬೇಡ, ಬಲಗೈಯೂ ಬೇಡ. ಸಾಹೇಬರು ಕೊನೆಗೊಂದು ದಿನ ಎಡಗೈ ಎತ್ತಿ ನೋಡಿದರಂತೆ. ಸಾಫ್ಟ್‌ವೇರಿನ ಒಳಗೆ ಮೊದಲೇ ಇದ್ದ ಕ್ಲಾರಿನೆಟ್ಟಿನ ದನಿ ಕೇಳಿ ತಕ್ಷಣ ಮುಷ್ಟಿ ಮುಚ್ಚಿದರಂತೆ. “ಇದು ಯಾವನೋ ಏಸಿ ರೂಮಲ್ಲಿ ಕೂತು ಊದಿರೋದು. ಬಿಸಿಲಲ್ಲಿ ನಡ್ಕೊಂಡು ಊದಿದ್ದಲ್ಲ. ನನಗೆ ಬೇಡ.”

ಹಾಗಾದರೆ ಸಾಹೇಬರ ಕ್ಲಾರಿನೆಟ್ಟನ್ನೇ ಊದಿ, ಒಂದೊಂದೇ ಸ್ವರ ರೆಕಾರ್ಡ್ ಮಾಡಿ ಒಳಗೆ ಹಾಕಬೇಕು. ಊದುವವರು ಯಾರು? ನಮ್ಮ ಭಾವ! ಜನ್ಮದಲ್ಲಿ ಪೀಪಿಯನ್ನೂ ಊದದವರು.

ನಮ್ಮ ಕಣ್ಣೆದುರೇ ಪಾಠ ಶುರುವಾಯಿತು. ಭಾವ ಕೆನ್ನೆ ಉಬ್ಬಿಸಿ ಊದಿದರು. ಬಾತುಕೋಳಿಯ ಕತ್ತು ಹಿಡಿದಂತಾಯಿತು. ದಿಂಬಿಗೆ ಒರಗಿದ್ದ ಸಾಹೇಬರು ನಮ್ಮ ಕಡೆ ನೋಡಿದರು. ಅವರ ಮಾತು ತೊದಲುತ್ತಿತ್ತು, ಬೈಗುಳ ಮಾತ್ರ ಸ್ಪಷ್ಟವಾಗಿತ್ತು. “ನೋಡಿ ಇವನ್ನ. ಒಲೆ ಊದ್ದಂಗೆ ಊದ್ತಾನೆ. ಹೊಟ್ಟೆಯಿಂದ ತೆಗಿ ಭಾಯಿ, ಕೆನ್ನೆಯಿಂದಲ್ಲ.” ಭಾವ ಮತ್ತೆ ಊದಿದರು. “ಬೇಡ.” ಮತ್ತೆ. “ಬೇಡ.” ಉಳಿದ ಸ್ವರಗಳೆಲ್ಲ ಹಿಂದಿನ ವಾರಗಳಲ್ಲಿ ಪಾಸಾಗಿದ್ದವಂತೆ, ಅವತ್ತು ಉಳಿದದ್ದು ನಿಷಾದ ಒಂದೇ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಹೇಬರು, “ಹ್ಞಾಂ, ಇದು ನಡೀತದೆ” ಅಂದರು. ಭಾವನ ಕೆಳತುಟಿಯಲ್ಲಿ ಸಣ್ಣಗೆ ರಕ್ತ ಕಾಣುತ್ತಿತ್ತು.

ಭಾವ ಲ್ಯಾಪ್‌ಟಾಪನ್ನು ಸಾಹೇಬರ ಎದುರಿಗಿಟ್ಟರು. ಸಾಹೇಬರು ಎಡಗೈ ಎತ್ತಿದರು. ಮುಷ್ಟಿ ಬಿಚ್ಚಿದರು. ದಿಬ್ಬಣ ಹೊರಡುವ ಮುಂಚೆ ಬ್ಯಾಂಡಿನವರು ಊರಿಗೆಲ್ಲ ಕೇಳಿಸಲು ಎಳೆಯುವ ಉದ್ದನೆಯ ಸ್ವರ ಇದೆಯಲ್ಲ, ಅದು ಹೊರಟಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವರ ಹೆಂಡತಿ ಬಾಗಿಲಿಗೆ ಬಂದು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತರು.

ಎತ್ತಿದ ಕೈ ನಡುಗುತ್ತಿತ್ತು. ಅದಕ್ಕೆ ಸ್ವರವೂ ನಡುಗುತ್ತಿತ್ತು. ನಡುಕ ಅಳಿಸಿ ಸ್ವರವನ್ನು ನೇರ ಮಾಡುವ ಗುಂಡಿಯೊಂದು ಆ ಸಾಫ್ಟ್‌ವೇರಿನಲ್ಲಿದೆ. ಭಾವ ಅದನ್ನು ಒತ್ತಲು ಕೈ ಚಾಚಿದರು.

“ತೆಗೀಬೇಡ” ಅಂದರು ಸಾಹೇಬರು, ಕೈ ಇಳಿಸದೆ. “ಅದು ನಂದೇ. ಇರ್ಲಿ.”

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು. ಸಾಹೇಬರು ಕೈ ಸೋಲುವ ತನಕ ನುಡಿಸಿದರು. ನಾವು ಹೊರಡುವಾಗ, “ನಿಷಾದ ಮುಂದಿನ ವಾರ ಇನ್ನೊಂದ್ಸಲ ಊದು. ಕರುಣೆ ತೋರ್ಸಿ ಪಾಸ್ ಮಾಡಿದೀನಿ” ಅಂದರು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಭಾವ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು. ಅಕ್ಕ ನಾಲ್ಕು ಜನರ ಎದುರಿಗೆ ಗಂಡನ ಹೆಸರು ಹೇಳಲೂ ನಾಚುವವಳು. ಬ್ಯಾಗಿನಿಂದ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತೆಗೆದಳು. ಬೆರಳಿಗೆ ಒಂದು ಹನಿ ಹಾಕಿಕೊಂಡು, “ಈ ಕಡೆ ತಿರುಗ್ರಿ” ಅಂದಳು. ಅವರ ಗಲ್ಲ ಹಿಡಿದು, ಬಸ್ಸು ಕುಲುಕಿದಾಗಲೆಲ್ಲ ನಿಲ್ಲಿಸಿ ನಿಲ್ಲಿಸಿ, ಒಡೆದ ತುಟಿಗೆ ಎಣ್ಣೆ ಸವರಿದಳು.